ಮನೆ ಮಾಲೀಕರು ಬರುವ ಭಾನುವಾರ

ಹೆದರುವುದರಲ್ಲಿ ನನ್ನದು ಎತ್ತಿದ ಕೈ. ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಮೇಲಧಿಕಾರಿ ಕಂಡರೆ ಭಯ, ಇನ್ನು ಕೆಲವರಿಗೆ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರೆ ಭಯ. ನನಗೆ ಇವೆಲ್ಲವೂ ಇವೆ. ಸಾಲದ್ದಕ್ಕೆ ಯಾರಾದರೂ ಬಾಗಿಲು ಬಡಿದರೆ ಭಯ, ಬಡಿದವರು ನಾನು ತೆರೆಯುವಷ್ಟರಲ್ಲಿ ಹೊರಟುಹೋಗಿದ್ದರೆ ಇನ್ನೂ ಭಯ. ಇಂಥವನು ಓದುವುದೇನು ಎಂದು ಕೇಳಿದರೆ ನೀವು ನಗುತ್ತೀರಿ. ಹೊಸಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ ಆಗ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅಲ್ಲಿನ ಕೊಲೆ, ದೆವ್ವ, ಪತ್ತೇದಾರಿಕೆಯ ಪುಸ್ತಕಗಳಷ್ಟನ್ನೂ ನಾನು ಓದಿ ಮುಗಿಸಿದ್ದೆ. ಪುಸ್ತಕದಲ್ಲಿ ಸಾಯುವವರು ಬೇರೆಯವರು, ನನಗೇನು? ಆದರೂ ಜೋಪಾನ ಇರಲೆಂದು ಕೊನೆಯ ಪುಟ ಮೊದಲು ಓದಿ, ಎಲ್ಲ ಸುಖಾಂತ್ಯವೆಂದು ಖಾತ್ರಿಯಾದ ಮೇಲೆಯೇ ಮೊದಲ ಪುಟಕ್ಕೆ ಬರುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ವಾರಪತ್ರಿಕೆಯ ಧಾರಾವಾಹಿಗಳನ್ನು ಓದುವವಳು. ಮುಂದಿನ ವಾರ ಏನಾಗುವುದೋ ಎಂದು ಗೊತ್ತಿಲ್ಲದೆಯೂ ಏಳು ದಿನ ನೆಮ್ಮದಿಯಿಂದ ನಿದ್ದೆ ಮಾಡುವ ಅವಳ ಧೈರ್ಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಗಿರಿಜಾ, ಎರಡನೇ ಕ್ಲಾಸಿನ ಮಗಳು ಸಿಂಧು, ನಾನು, ಒಂದು ಹಳೇ ಸ್ಕೂಟರು, ಊರಿಗೆ ಹೊಂದಿಕೊಂಡ ಚಿತ್ತವಾಡ್ಗಿಯಲ್ಲಿ ಮೂರು ಖೋಲಿಯ ಬಾಡಿಗೆ ಮನೆ. ಇಷ್ಟೇ ನಮ್ಮ ಸಂಸಾರ. ಸಂಬಳದಲ್ಲಿ ಬಾಡಿಗೆ, ಕಿರಾಣಿ, ಹಾಲು, ಸ್ಕೂಲ್ ಫೀಜು ಕಳೆದು ಉಳಿದದ್ದನ್ನು ಗಿರಿಜಾ ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಿದ್ದಳು. ಅದರಲ್ಲಿ ಜೋಳವೇ ಜಾಸ್ತಿ ಇರುತ್ತಿತ್ತು. ಮನೆಯ ಮಾಲೀಕರು ಕೊಟ್ರಬಸಪ್ಪನವರು, ಬಜಾರಿನಲ್ಲಿ ಕಾಳುಕಡಿಯ ಅಂಗಡಿ ಇಟ್ಟವರು, ಯಾವಾಗಲೂ ಬಿಳಿ ಧೋತರ, ಕರಿ ಟೋಪಿ. ಅಂಗಡಿಗೆ ರಜೆಯಿರುವ ಭಾನುವಾರ, ತಿಂಗಳಿಗೊಮ್ಮೆ, ಖುದ್ದು ಬಂದು, ಕುರ್ಚಿ ಮೇಲೆ ಕುಂತು, ಚಹಾ ಕುಡಿದು, ಬಾಡಿಗೆ ತೆಗೆದುಕೊಂಡು, ಗಿರಿಜಾಳ ವಾರಪತ್ರಿಕೆಯನ್ನು ಒಂದಿಷ್ಟು ತಿರುವಿಹಾಕಿ ಹೋಗುವುದು ಅವರ ಪದ್ಧತಿ. ಅವರಿಗೆ ನಾನು 'ಏನಪಾ ವಿರುಪಾಕ್ಷಿ'. ಅವರು ಹಾಗೆ ಕರೆಯುವಾಗ ನಾನು ಎದ್ದು ನಿಲ್ಲುತ್ತಿದ್ದೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಕಬ್ಬಿಣದ ಅದಿರು ಬಂದು ಬಿತ್ತು. ಸಂಡೂರಿನ ಗುಡ್ಡದ ಮಣ್ಣಿಗೆ ಚಿನ್ನದ ಬೆಲೆ ಬಂದ ಕಾಲ ಅದು. ನಿನ್ನೆ ಸೈಕಲ್ ಮೇಲೆ ಹೋಗುತ್ತಿದ್ದವನು ಇವತ್ತು ಕಪ್ಪು ಗಾಜಿನ ಕಾರಿನಲ್ಲಿ ಹೋಗುತ್ತಿದ್ದ. ಟಿಪ್ಪರ್ ಇಟ್ಟವರು, ಲೋಡಿಂಗ್ ಕಾಂಟ್ರ್ಯಾಕ್ಟ್ ಹಿಡಿದವರು, ಹೊಲದಡಿ ಅದಿರು ಸಿಕ್ಕವರು ಎಲ್ಲರೂ ಒಮ್ಮೆಗೇ ಊರು ತುಂಬಿದರು. ಕಂಪನಿಗಳಿಗೆ ಗೆಸ್ಟ್ ಹೌಸ್ ಬೇಕಾದವು. ನಮ್ಮ ಓಣಿಯ ಮೂಲೆಮನೆಯಲ್ಲಿ ಹತ್ತು ವರ್ಷದಿಂದ ಇದ್ದ ಡ್ರಾಯಿಂಗ್ ಮಾಸ್ತರರಿಗೆ ಅವರ ಮಾಲೀಕರು ಒಂದು ದಿನ "ಮಾತಾಡೋದೈತಿ" ಎಂದರು. ಮುಂದಿನ ತಿಂಗಳು ಆ ಮನೆಗೆ ಎರಡು ಏಸಿ ಬಂದವು, ಹಳದಿ ಹೆಲ್ಮೆಟ್ಟಿನ ಹುಡುಗರು ಬಂದರು, ಮಾಸ್ತರರು ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಊರಾಚೆ ಹೋದರು. ಟ್ರ್ಯಾಕ್ಟರಿನ ಮೇಲೆ ಅವರ ತಾಯಿ ತುಳಸಿ ಕುಂಡ ಹಿಡಿದುಕೊಂಡು ಕುಂತಿದ್ದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ವಾರ ಪಕ್ಕದ ಮನೆಯ ಶಾಂತಕ್ಕ ಕಾಂಪೌಂಡಿನಾಚೆಯಿಂದ ಕೂಗಿ ಹೇಳಿದರು. "ಏನ್ರಿ, ನಿಮ್ಮ ಮಾಲಕರು ಬಜಾರದಾಗ ಸಿಕ್ಕಿದ್ರು. ಬರೋ ಭಾನುವಾರ ಬರ್ತಾರಂತ. ನಿಮ್ಮ ಕೂಡ ಏನೋ ಮಾತಾಡೋದೈತಂತ."

ಮಾಸ್ತರರಿಗೂ ಮೊದಲು ಇದೇ ಮಾತು ಹೇಳಿದ್ದರಲ್ಲ! ಬಾಡಿಗೆ ಕೊಟ್ಟು ಇನ್ನೂ ವಾರವಾಗಿಲ್ಲ, ಮತ್ತೆ ಯಾಕೆ ಬರುತ್ತಾರೆ? ಸಿಂಧುವಿನ ಸ್ಕೂಲು ಇಲ್ಲಿಂದ ಕೂಗಳತೆಯ ದೂರ. ಊರಲ್ಲಿ ಬಾಡಿಗೆಗಳು ಆಕಾಶ ಮುಟ್ಟಿವೆ. ಈ ಮನೆ ಹೋದರೆ ನನ್ನ ಸಂಬಳಕ್ಕೆ ಸಿಗುವುದು ಯಾರದಾದರೂ ದನದ ಕೊಟ್ಟಿಗೆ ಮಾತ್ರ. ಎರಡು ದಿನ ಯೋಚಿಸಿದ ಮೇಲೆ ನನಗೊಂದು ಉಪಾಯ ಹೊಳೆಯಿತು. ಮಾತಾಡಲು ಮನುಷ್ಯ ಸಿಕ್ಕರೆ ತಾನೇ ಮಾತು? ಸಿಗದೇ ಇದ್ದರಾಯಿತು. ಶನಿವಾರ ಸಂಜೆ ಗಿರಿಜಾಳಿಗೆ, "ನಾಳೆ ಹಂಪಿಗೆ ಹೋಗೋಣ" ಎಂದೆ. ಮದುವೆಯಾದ ಮೇಲೆ ನಾನಾಗಿ ಅವಳನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಬೆಳಗ್ಗೆ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊರಟೆವು. ಗಿರಿಜಾ ಮತ್ತು ಸಿಂಧು ಹರಿಗೋಲು ನೋಡುತ್ತ ಹೊಳೆದಂಡೆಯಲ್ಲಿ ಕುಂತರು. ನಾನು ಮಂಟಪದ ನೆರಳಿನಲ್ಲಿ ಕಾದಂಬರಿ ತೆರೆದೆ. ಎದುರಿನ ಬಂಡೆಯ ಮೇಲೆ ವಿದೇಶದ ಹೆಣ್ಣುಮಗಳೊಬ್ಬಳು ಇಟ್ಟಿಗೆಯಂಥ ಪುಸ್ತಕ ಓದುತ್ತ ಅಂಗಾತ ಮಲಗಿದ್ದಳು. ಏಳು ಸಮುದ್ರ ದಾಟಿ ಬಂದವಳು ಇಷ್ಟು ನಿರ್ಭಯವಾಗಿದ್ದಾಳೆ, ಚಿತ್ತವಾಡ್ಗಿಯಿಂದ ಬಂದ ನನಗೆ ಪುಟ ಮಗುಚಲಾಗುತ್ತಿಲ್ಲ. ಅಷ್ಟರಲ್ಲಿ ದೂರದಲ್ಲಿ ಬಿಳಿ ಧೋತರ, ಕರಿ ಟೋಪಿಯ ಆಕೃತಿಯೊಂದು ನಮ್ಮ ಕಡೆಗೇ ಬರುವುದು ಕಂಡಿತು. ನಾನು ಎದ್ದು ಕಂಬದ ಹಿಂದೆ ಸರಿದೆ. ಆಕೃತಿ ಹತ್ತಿರ ಬಂತು. ನೋಡಿದರೆ ಯಾರೋ ಬುಕ್ಕಸಾಗರದ ರೈತರು, ಎಮ್ಮೆ ಹುಡುಕಿಕೊಂಡು ಬಂದವರು. "ಇಲ್ಲೆಲ್ಲರ ಒಂದು ಎಮ್ಮಿ ಕಂಡ್ತೇನ್ರಿ?" ಎಂದು ಕೇಳಿದರು. ಕಂಬದ ಹಿಂದಿನಿಂದಲೇ ಇಲ್ಲವೆಂದೆ. ವಿಜಯನಗರದ ಅರಸರು ಅಷ್ಟು ದಪ್ಪ ಕಂಬಗಳನ್ನು ಯಾಕೆ ಕೆತ್ತಿಸಿದರೆಂದು ನನಗೆ ಅಂದು ತಿಳಿಯಿತು.

ಮನೆಗೆ ಬಂದಾಗ ಶಾಂತಕ್ಕ, "ನಿಮ್ಮ ಮಾಲಕರು ಬಂದು ಕೀಲಿ ನೋಡಿ ಹೋದ್ರು. ಮುಂದಿನ ಭಾನುವಾರ ಬರ್ತಾರಂತ" ಎಂದರು. ಮುಂದಿನ ಭಾನುವಾರ ನಾವು ಕಂಪ್ಲಿಯಲ್ಲಿದ್ದೆವು. ಅದು ಗಿರಿಜಾಳ ತವರು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮ ಮಾವ ನನ್ನನ್ನು ಬಾಗಿಲಲ್ಲಿ ಕಂಡು ಗಾಬರಿಯಾದರು. "ಯಾಕ್ರಿ ಅಳಿಯಂದ್ರ, ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಮನ್ಯಾಗ ಎಲ್ಲಾ ಆರಾಮೈತಿ ಹೌದಲ್ಲ?" ಎಂದು ನಾಲ್ಕಾರು ಸಲ ಕೇಳಿದರು. ಅಳಿಯ ಕರೆಯದೆ ಬಂದರೆ ಹೆದರುವ ಮನೆತನವೂ ಇದೆಯಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ತಿರುಗಿ ಬರುವಾಗ ಕಬ್ಬಿನ ಗದ್ದೆಗಳ ನಡುವೆ ಸ್ಕೂಟರು ನಿಲ್ಲಿಸಿ ಗಿರಿಜಾಳಿಗೆ ನಿಜ ಹೇಳಿದೆ.

"ಅದಕ್ಕೇನ್ರಿ ಈ ಮೆರವಣಿಗಿ?" ಎಂದಳು ಅವಳು. "ಮನ್ಯಾಗ ಕುಂತು ಏನ್ ಅಂತಾರ ಕೇಳಿದ್ರಾತಪಾ. ಅವ್ರೇನು ನಿಮ್ಮನ್ನ ಹರದು ತಿಂತಾರೇನು?"

"ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ಬರಂಗಿಲ್ಲ" ಎಂದೆ.

"ಮತ್ತ ಪೆಟ್ರೋಲು? ಒಂದು ಸಲ ಬಾಡಿಗಿ ಜಾಸ್ತಿ ಕೊಟ್ರೂ ಇಷ್ಟು ಆಗ್ತಿದ್ದಿಲ್ಲ." ಅವಳ ಲೆಕ್ಕ ಸರಿಯಾಗಿತ್ತು. ಜೋಳದ ಡಬ್ಬಿಯಲ್ಲಿ ಈಗ ಬರೀ ಜೋಳವಿತ್ತು. ಆದರೆ ಸಿಂಧುವಿಗೆ ಭಾನುವಾರದ ಸವಾರಿಯ ರುಚಿ ಹತ್ತಿತ್ತು, ಹೆದರಿದವನಿಗೆ ಲೆಕ್ಕ ತಲೆಗೆ ಹೋಗುವುದಿಲ್ಲ. ಅದರ ಮುಂದಿನ ಭಾನುವಾರವೂ ಹೀಗೇ ಮನೆಗೆ ಕೀಲಿ ಬಿತ್ತು. ಬಾಡಿಗೆಯ ಭಾನುವಾರಕ್ಕೆ ಮೊದಲೇ, ಕೊಟ್ರಬಸಪ್ಪನವರು ಊಟಕ್ಕೆ ಹೋದ ಹೊತ್ತು ನೋಡಿ ಅಂಗಡಿಯ ಗುಮಾಸ್ತರ ಕೈಯಲ್ಲಿ ಹಣ ಕೊಟ್ಟು ಓಡಿ ಬಂದೆ. ಆ ಭಾನುವಾರ ಸಂಡೂರಿಗೆ ಹೊರಟೆವು.

ನಾರಿಹಳ್ಳದ ಡ್ಯಾಮು, ಸುತ್ತ ಹಸಿರು ಗುಡ್ಡ, ನೀರಿನ ಮೇಲೆ ಗಾಳಿ. ಮಧ್ಯಾಹ್ನದವರೆಗೆ ನನ್ನ ಹೆದರಿಕೆಯೂ ಮರೆತುಹೋಗಿತ್ತು. ಬರುವ ದಾರಿಯೇ ಕಷ್ಟದ್ದು. ಟಿಪ್ಪರ್‌ಗಳ ಸಾಲು ಮೈಲುಗಟ್ಟಲೆ ನಿಂತಿತ್ತು. ಅವುಗಳ ಸಂದಿಯಲ್ಲಿ ತೂರಿಕೊಂಡು, ಕೆಂಪು ಧೂಳು ಕುಡಿದುಕೊಂಡು ಊರು ಮುಟ್ಟುವಷ್ಟರಲ್ಲಿ ಸ್ಕೂಟರು ಕೆಂಪು, ಅಂಗಿ ಕೆಂಪು, ಹುಬ್ಬು ಕೆಂಪು. ಸಿಂಧು ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಓಣಿಯ ಕಟ್ಟೆಯ ಮೇಲೆ ಕುಂತವರೆಲ್ಲ ನಮ್ಮನ್ನು ನೋಡಿ ಎದ್ದು ನಿಂತರು. ಶಾಂತಕ್ಕ ಗಿರಿಜಾಳ ಕಿವಿಯಲ್ಲಿ, "ಗುಡ್ಡದ ಮ್ಯಾಲಿಂದ ಬಂದ್ರೇನು? ವಾರವಾರ ಎಲ್ಲಿ ಹೋಗ್ತೀರಿ ಅಂತ ಈಗ ತಿಳೀತು ಬಿಡವಾ. ನಾವ್ಯಾರಿಗೂ ಹೇಳಂಗಿಲ್ಲ" ಎಂದರು.

ಆ ದಿನಗಳಲ್ಲಿ ನಮ್ಮೂರಲ್ಲಿ ಕೆಂಪು ಧೂಳಿಗೆ ಒಂದೇ ಅರ್ಥ. ಬಿಳಿ ಕಾರಿನ ಚಕ್ರಕ್ಕೆ ಕೆಂಪು ಹತ್ತಿದ್ದರೆ ಅಂಗಡಿಯವರು ಉದ್ರಿ ಕೊಡುತ್ತಿದ್ದರು. ಹೊಸ ಬೂಟಿಗೆ ಕೆಂಪು ಹತ್ತಿದ್ದರೆ ಹೆಣ್ಣು ಕೊಡುತ್ತಿದ್ದರು. ಕಾರು ತೊಳೆಸಿದರೆ ಮರ್ಯಾದೆ ಹೋಗುತ್ತದೆಂದು ಹಾಗೇ ಬಿಡುತ್ತಿದ್ದವರೂ ಇದ್ದರು. ಯಾರಿಗೂ ಹೇಳುವುದಿಲ್ಲವೆಂದ ಶಾಂತಕ್ಕನಿಂದ ಸೋಮವಾರದೊಳಗೆ ಓಣಿಗೆಲ್ಲ ತಿಳಿಯಿತು: ವಿರುಪಾಕ್ಷಿಗೆ ಸಂಡೂರಿನ ಗುಡ್ಡದಲ್ಲಿ ಪಾಲು ಇದೆ. ಹೆಂಡತಿಯ ಹೆಸರಲ್ಲಿ ಟಿಪ್ಪರ್ ಓಡುತ್ತಿವೆ. ಭಾನುವಾರ ಹೋಗುವುದು ಲೆಕ್ಕ ತರಲು. ಹಳೇ ಸ್ಕೂಟರು ಬರೀ ವೇಷ. ಹಾಲಿನವರು ನೀರು ಕಡಿಮೆ ಹಾಕತೊಡಗಿದರು. ವಿಮಾ ಏಜೆಂಟರೊಬ್ಬರು ಬಂದು ನನ್ನ ಆಯುಸ್ಸಿನ ಬಗ್ಗೆ ಬಹಳ ಕಾಳಜಿ ತೋರಿಸಿದರು. ನಮ್ಮ ಹೆಡ್‌ಮಾಸ್ತರರು ಮೊದಲ ಸಲ ನನಗೆ ಕುಂದ್ರಿ ಎಂದರು. ನಾನು ಕುಂತೆ, ಆದರೆ ಕುರ್ಚಿಯ ತುದಿಯಲ್ಲಿ. ಇನ್‌ಕಮ್ ಟ್ಯಾಕ್ಸಿನವರು ಬಂದು ಜೋಳದ ಡಬ್ಬಿ ಬೋರಲು ಹಾಕಿದಂತೆ ಹಗಲಲ್ಲೇ ಕೆಟ್ಟ ಕನಸು ಬೀಳತೊಡಗಿತು.

ಹೀಗಿರುವಾಗ ಶನಿವಾರ ಸಂಜೆ ಸೆಲೂನಿಗೆ ಹೋದೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಕತ್ತು ಎತ್ತಿ ಕುಂತಿದ್ದೇನೆ, ಕತ್ತಿಯ ಅಲಗು ಗಂಟಲ ಹತ್ತಿರ ಇದೆ. ಆಗ ಕನ್ನಡಿಯಲ್ಲಿ ಕರಿ ಟೋಪಿ ಕಂಡಿತು. ಕೊಟ್ರಬಸಪ್ಪನವರು! ಓಡುವಂತಿಲ್ಲ, ಬಗ್ಗುವಂತಿಲ್ಲ, ಸೆಲೂನಿನಲ್ಲಿ ಕಂಬವೂ ಇಲ್ಲ. ಅವರು ಪಕ್ಕದ ಕುರ್ಚಿಯಲ್ಲಿ ಕುಂತರು. ನನ್ನನ್ನು ನೋಡಿದರು. ಮತ್ತೆ, ದೇವರಾಣೆಗೂ ಹೇಳುತ್ತೇನೆ, ಕೈಯೆತ್ತಿ ನಮಸ್ಕಾರ ಮಾಡಿದರು.

"ಸಾವ್ಕಾರ್ರ, ನಿಮ್ಮನ್ನ ಹುಡುಕಿ ಹುಡುಕಿ ಸಾಕಾತು ನೋಡ್ರಿ" ಎಂದರು.

ಸಾವ್ಕಾರ್ರ! ನನ್ನಪ್ಪನನ್ನು ಯಾರೂ ಹಾಗೆ ಕರೆದಿರಲಿಲ್ಲ, ಅಜ್ಜನನ್ನೂ ಕರೆದಿರಲಿಲ್ಲ. ಸೆಲೂನಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕ್ಷೌರ ಮಾಡುತ್ತಿದ್ದವರ ಕೈ ಮೃದುವಾಯಿತು.

"ಸಂಡೂರಾಗ ಪಾಲು ತಗೊಂಡೀರಂತ. ಊರೆಲ್ಲಾ ಮಾತಾಡಾಕತ್ತೈತಿ. ಖರೇ ಏನ್ರಿ?"

ನಾನು ಇಲ್ಲವೆನ್ನಬೇಕಿತ್ತು. ಒಂದೇ ಪದ. ಗಂಟಲ ಮೇಲೆ ಕತ್ತಿಯಿತ್ತು ಎಂದು ಆಮೇಲೆ ಗಿರಿಜಾಳಿಗೆ ಹೇಳಿದೆ. ಆದರೆ ಕತ್ತಿ ಆಗ ಕೆನ್ನೆಗೆ ಹೋಗಿತ್ತು. ನಾನು ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ನೊರೆಯ ನಡುವೆ ಒಂದು ಮುಗುಳ್ನಗೆ ಮೂಡಿತ್ತು, ದೊಡ್ಡ ಮನುಷ್ಯರು ನಗುವಂಥದ್ದು.

"ಆತು ಬಿಡ್ರಿ, ತಿಳೀತು" ಎಂದರು ಕೊಟ್ರಬಸಪ್ಪನವರು. "ನಾಳೆ ಮನೀಗೆ ಬರ್ತೀನಿ."

"ಬರ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಆ ಭಾನುವಾರ ನಾವು ಎಲ್ಲಿಗೂ ಹೋಗಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡು ಎಂದು ಗಿರಿಜಾಳಿಗೆ ಹೇಳಿ, ಇಸ್ತ್ರಿ ಅಂಗಿ ತೊಟ್ಟು, ಕಾಲಮೇಲೆ ಕಾಲು ಹಾಕಿ ಕುಂತೆ. ಕೊಟ್ರಬಸಪ್ಪನವರು ಪೇಢೆಯ ಪೊಟ್ಟಣ ಹಿಡಿದು ಬಂದರು. ಸಿಂಧುವಿನ ಕೈಗೆ ಕೊಟ್ಟು, ನಿಧಾನಕ್ಕೆ ಮಾತು ತೆಗೆದರು.

"ಏನಿಲ್ರಿ, ಕಂಪನಿಯೋರು ಈ ಮನಿ ಕೊಡ್ರಿ ಅಂತ ಬೆನ್ನು ಹತ್ತಿದ್ರು. ನಾ ಕೊಡಂಗಿಲ್ಲ ಅಂದಿದ್ದೆ. ಸಣ್ಣ ಹುಡುಗಿ ಐತಿ, ಸಾಲಿ ಸಮೀಪ ಐತಿ, ಪಾಪ ಇವ್ರು ಎಲ್ಲಿ ಹೋಗ್ತಾರ ಅಂತ. ಓಣ್ಯಾಗಿನ ಗದ್ದಲ ನೋಡಿ ನೀವು ಹೆದರಿರ್ತೀರಿ, 'ಹೆದರಬ್ಯಾಡ್ರಿ, ಮನಿ ನಿಮ್ಮದ' ಅಂತ ಹೇಳಿ ಹೋಗೋಣಂತ ಬಂದ್ರ, ಯಾವಾಗ ಬಂದ್ರೂ ಕೀಲಿ. ಈಗ ದೇವರು ನಿಮಗೂ ಕಣ್ಣು ಬಿಟ್ಟ. ನೀವ ಬಂಗ್ಲೆ ಕಟ್ಟಿಸೋರಂತ. ನಿನ್ನೆ ನಿಮ್ಮ ನಗು ನೋಡಿ ಖಾತ್ರಿ ಆತು. ಸೆಲೂನಿನಿಂದ ಸೀದಾ ಹೋಗಿ ಕಂಪನಿಯೋರಿಗೆ ಮಾತು ಕೊಟ್ಟು ಅಡ್ವಾನ್ಸ್ ಇಸಗೊಂಡೆ. ಎರಡು ತಿಂಗಳು ಟೈಮ್ ತಗೊಳ್ರಿ, ಗಡಿಬಿಡಿ ಇಲ್ಲ."

ನನ್ನ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಒಳಗಿನಿಂದ ಗಿರಿಜಾ ಜಾಲಿಸೌಟು ಹಿಡಿದುಕೊಂಡೇ ಹೊರಬಂದಳು. "ಅಪ್ಪಾರ, ಪಾಲಿಲ್ಲ, ಟಿಪ್ಪರ್ ಇಲ್ಲ, ಏನೂ ಇಲ್ರಿ. ಇವ್ರು ನಿಮಗ ಹೆದರಿ ಊರೂರು ತಿರುಗ್ಯಾರ. ಹಂಪಿಗೆ ಹೋಗಿ ಕಂಬದ ಹಿಂದ ನಿಂತಿದ್ರು!"

ಕೊಟ್ರಬಸಪ್ಪನವರು ಮಿರ್ಚಿ ಮುರಿಯುತ್ತ ಜೋರಾಗಿ ನಕ್ಕರು. "ಇದ್ದೋರು ಎಲ್ಲಾರೂ ಹಿಂಗ ಅಂತಾರ ತಂಗಿ. ನನ್ನ ಮುಂದ ಯಾಕ ಮುಚ್ಚಿಡ್ತೀರಿ? ನಾ ಏನು ಇನ್‌ಕಮ್ ಟ್ಯಾಕ್ಸಿನವನಾ? ಮತ್ತ ವಾರವಾರ ಟೂರ್ ಹೊಡಿಯಾಕ ರೊಕ್ಕ ಎಲ್ಲಿಂದ ಬಂತು?" ಡಬ್ಬಿಯ ಜೋಳ ತೋರಿಸಿದರೂ ಅವರು ನಂಬುತ್ತಿರಲಿಲ್ಲ. ಹೋಗುವಾಗ ಅವರು ನನಗೆ ಮತ್ತೊಮ್ಮೆ ನಮಸ್ಕಾರ ಮಾಡಿದರು.

ಈಗ ನಾವಿರುವುದು ಊರಾಚೆ, ಒಂದೂವರೆ ಖೋಲಿಯ ತಗಡಿನ ಮನೆಯಲ್ಲಿ. ಸಿಂಧು ಸ್ಕೂಲಿಗೆ ಎರಡು ಆಟೋ ಬದಲಿಸಿ ಹೋಗುತ್ತಾಳೆ. ಸಾಮಾನು ಹೇರಿದ ದಿನ ಗಿರಿಜಾ ಬೈಯಲಿಲ್ಲ, ಅಳಲೂ ಇಲ್ಲ. ಟ್ರ್ಯಾಕ್ಟರ್ ಹತ್ತುವ ಮೊದಲು ಒಂದೇ ಮಾತು ಹೇಳಿದಳು. "ಹುಟ್ಟಿದಾಗಿಂದ ಹೆದರಿಕೊಂಡ ಬದುಕಿದೋರು ನೀವು. ಒಂದು ದಿನ ಧೈರ್ಯ ಮಾಡಿದ್ರಿ, ಮನಿ ಹೋತು."

ಅವಳು ಹೇಳಿದ್ದು ಸರಿಯೇ. ಆದರೆ ಅವಳಿಗೆ ಹೇಳದ ವಿಷಯವೊಂದಿದೆ. ಈಗಲೂ ಕ್ಷೌರಕ್ಕೆ ಕುಂತಾಗ, ಯಾರಾದರೂ ಬಂದು ಇನ್ನೊಂದು ಸಲ ಸಾವ್ಕಾರ್ರ ಎಂದು ಕರೆದಾರೇನೋ ಎಂದು ನನ್ನ ಕಣ್ಣು ಕನ್ನಡಿಯಲ್ಲಿ ಹುಡುಕುತ್ತದೆ. ಕರೆದರೆ ಇಲ್ಲವೆನ್ನುತ್ತೇನೆಯೇ? ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಹಾವು, ಮೇಲಧಿಕಾರಿ, ಮಾಲೀಕರು ಎಲ್ಲ ಇರಲಿ, ಸದ್ಯಕ್ಕೆ ನನಗೆ ಅತಿ ಹೆಚ್ಚು ಹೆದರಿಕೆಯಾಗುವುದು ನೊರೆಯ ನಡುವೆ ಮೂಡಿದ ಆ ನಗುವಿನದೇ.