ಮೇಷ ರಾಶಿಯ ಕೆಂಪು ಕುರ್ಚಿ

ಸಲೂನಿನ ಯಜಮಾನರು ಆ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ ಮನೆಗೆ ಓಡಿ ಬಂದರು. ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆ ಹೆಗಲ ಮೇಲೆ ಹಾಗೇ ಇತ್ತು, ಕಿವಿಯ ಹಿಂದೆ ಬಾಚಣಿಗೆ ಸಿಕ್ಕಿಸಿಕೊಂಡಿದ್ದರು. (ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕನ್ನಡಿಯ ಮುಂದೆ ಕೂರಿಸಿಯೇ ಬಂದರೆಂದು ಕೆಲವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ಬೋಳಿಸಿದ್ದು ಮುಕ್ಕಾಲು ಗಡ್ಡ.)

"ಲೇ, ಕುರ್ಚಿ ಅಲ್ಲೇ ಇರುತ್ತೆ! ಇನ್ನು ಮಾತೇ ಇಲ್ಲ!" ಎಂದು ಹೊಸ್ತಿಲಲ್ಲೇ ಕೂಗಿದರು.

ಕುರ್ಚಿಯ ಕಥೆ ಇಷ್ಟು. ಅಂಗಡಿಗೆ ಹೊಸ ಕುರ್ಚಿ ಬಂದಾಗ ಹಳೆಯದನ್ನು ಯಜಮಾನರು ಮನೆಗೆ ತಂದು ಕಿಟಕಿಯ ಬಳಿ ಪ್ರತಿಷ್ಠಾಪಿಸಿದ್ದರು. ಗಿರಗಿರನೆ ತಿರುಗುವ, ಬುಡದ ಹಿಡಿಯನ್ನು ಕಾಲಲ್ಲಿ ತುಳಿದರೆ ಉಸ್ಸೆಂದು ಮೇಲೇರುವ ಕೆಂಪು ರೆಕ್ಸಿನ್ ಕುರ್ಚಿ. ಇಪ್ಪತ್ತು ವರ್ಷ ಅದರ ಹಿಂದೆ ನಿಂತು ಊರಿನ ತಲೆಗಳನ್ನೆಲ್ಲ ತಿದ್ದಿದವರು ಒಂದು ದಿನವೂ ಅದರಲ್ಲಿ ನೆಮ್ಮದಿಯಾಗಿ ಕೂತವರಲ್ಲ. ಇನ್ನಾದರೂ ಸಂಜೆ ಹೊತ್ತು ಕಾಲು ಚಾಚಿ ಕೂರಬೇಕೆಂಬ ಆಸೆ ಅವರಿಗೆ. ಆದರೆ ಮನೆಯಲ್ಲಿ ಸರಿಯಾಗಿ ಬೆಳಕು ಬರುವ ಕಿಟಕಿ ಅದೊಂದೇ. ಹೆಂಡತಿಯ ಹೊಲಿಗೆ ಮಿಷನ್ನು ಅಡುಗೆಮನೆಯ ಬಾಗಿಲ ಹಿಂದಿನ ಕತ್ತಲೆ ಮೂಲೆಯಲ್ಲಿತ್ತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಕುರ್ಚಿ ಗುಜರಿಗೆ ಹೋಗಲಿ, ಮಿಷನ್ನು ಕಿಟಕಿಗೆ ಬರಲಿ ಎಂಬುದು ಅವಳ ವಾದ. ಮೂರು ವಾರದಿಂದ ಇದೇ ಮಹಾಯುದ್ಧ ನಡೆದಿತ್ತು.

ಆ ದಿನದ ಗಿರಾಕಿ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುವವನು. ತನ್ನ ಹಳೆಯ ಕಾರ್ಡಿನ ಕಟ್ಟನ್ನು ಕೈಪಿಡಿಯ ಸಮೇತ ಯಜಮಾನರಿಗೆ ಕೊಟ್ಟು, ಮುಖ್ಯ ಚಿತ್ರಗಳಿಗೆಲ್ಲ ಒಂದೊಂದು ರಾಶಿಯೋ ಗ್ರಹವೋ ಗಂಟುಬಿದ್ದಿದೆ ಎಂದು ನೊರೆಯ ನಡುವಿನಿಂದಲೇ ವಿವರಿಸಿದ್ದ. ಯಜಮಾನರು ಕತ್ತಿ ಕೆಳಗಿಟ್ಟು ತಮ್ಮ ರಾಶಿಯ ಕಾರ್ಡು ಹುಡುಕಿದ್ದರು. ಸಿಕ್ಕಿದ್ದೇ ತಡ, ಓಟ.

"ನೋಡೇ ಇಲ್ಲಿ! ಇವನು ಚಕ್ರವರ್ತಿ. ಇವನ ರಾಶಿ ಮೇಷ. ಮಾರ್ಚ್ ಇಪ್ಪತ್ತೊಂದರಿಂದ ಏಪ್ರಿಲ್ ಹತ್ತೊಂಬತ್ತರೊಳಗೆ ಹುಟ್ಟಿದವರೆಲ್ಲ ಮೇಷ ಅಂತೆ. ನಾನು ಹುಟ್ಟಿದ್ದು ಏಪ್ರಿಲ್ ಹನ್ನೆರಡು! ಇವನು ಎಲ್ಲಿ ಕೂತಿದಾನೆ? ಕುರ್ಚಿ ಮೇಲೆ! ಕೈ ಇಡೋ ಕಡೆ ಟಗರಿನ ತಲೆ ಬೇರೆ!"

ಹೆಂಡತಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

"ಅಂದ್ರೆ ಮೇಷದವರಿಗೆ ಕಿಟಕಿ ಹತ್ರದ ಕುರ್ಚಿ?"

"ನಾನು ಹೇಳ್ತಿಲ್ಲ, ಗ್ರಹಮಂಡಲ ಹೇಳ್ತಿದೆ."

"ಗಂಡಸರಿಗೆ ಮಾತ್ರಾನಾ?"

"ಗಂಡು ಹೆಣ್ಣು ಅಂತ ಭೇದ ಇಲ್ಲ ಕಣೇ. ರಾಶಿ ಅಂದ್ರೆ ರಾಶಿ."

"ಆಮೇಲೆ ಮಾತು ಬದಲಾಯಿಸಲ್ಲ ತಾನೇ?"

"ಚಕ್ರವರ್ತಿ ಎಲ್ಲಾದ್ರೂ ಮಾತು ಬದಲಾಯಿಸ್ತಾನಾ? ಬೇಕಾದ್ರೆ ಅಮ್ಮನ ಎದುರಿಗೇ ಹೇಳ್ತೀನಿ!"

ಯಜಮಾನರು ಕುರ್ಚಿ ಏರಿ, ಬಿಳಿ ಬಟ್ಟೆಯನ್ನು ರಾಜವಸ್ತ್ರದಂತೆ ಹೊದ್ದು, ಮಂಚದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ತಾಯಿಯನ್ನು ಸಾಕ್ಷಿಗೆ ಕರೆದರು.

"ಅಮ್ಮಾ, ನಾನು ಹುಟ್ಟಿದ್ದು ಏಪ್ರಿಲ್ ಹನ್ನೆರಡು ತಾನೇ? ಇವಳಿಗೆ ಹೇಳು."

"ಯಾರೋ ಹಾಗಂದಿದ್ದು? ನೀನು ಹುಟ್ಟಿದ್ದು ಆಗಸ್ಟ್ ಒಂಬತ್ತು."

"ಶಾಲೆ ಸರ್ಟಿಫಿಕೇಟಲ್ಲಿ ಏಪ್ರಿಲ್ ಅಂತಿದೆ!"

"ಅದು ನಿಮ್ಮಪ್ಪ ಬರೆಸಿದ್ದು ಕಣೋ. ಶಾಲೆಗೆ ಸೇರಿಸೋಕೆ ಎರಡು ತಿಂಗಳು ಕಮ್ಮಿ ಬಿತ್ತು. ಇವನನ್ನ ಇನ್ನೊಂದು ವರ್ಷ ಮನೇಲಿಟ್ಕೊಂಡ್ರೆ ನಾನು ಬದುಕಲ್ಲ ಅಂತ ಗೋಳಾಡಿದೆ. ಮೇಷ್ಟ್ರು 'ಯಾವ ತಾರೀಕು ಬರೀಲಿ?' ಅಂದ್ರು. ನಿಮ್ಮಪ್ಪ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಅವತ್ತಿನ ತಾರೀಕನ್ನೇ ಹೇಳಿಬಿಟ್ರು."

"ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದ್ದೆ?"

ಯಜಮಾನರ ಸಾಮ್ರಾಜ್ಯ ಅಲ್ಲಾಡಿತು. ಅಷ್ಟರಲ್ಲಿ ಹೆಂಡತಿ ಕೈಪಿಡಿ ತಿರುವಿ, "ಆಗಸ್ಟ್ ಒಂಬತ್ತು... ಸಿಂಹ ರಾಶಿ ರೀ," ಎಂದಳು.

"ಸಿಂಹ! ಮೃಗರಾಜ! ಹೇಗಿದ್ರೂ ರಾಜನೇ ಅಲ್ವಾ?" ಯಜಮಾನರು ಮತ್ತೆ ಎದೆ ಉಬ್ಬಿಸಿದರು. "ಕಾರ್ಡಿನ ಹೆಸರೇನು?"

"ಶಕ್ತಿ."

"ನೋಡಿದ್ಯಾ! ಶಕ್ತಿ! ಕೊಡು ಇಲ್ಲಿ!"

ಕೊಟ್ಟಳು. ಚಿತ್ರದಲ್ಲಿ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಸಿಂಹದ ಬಾಯಿಯನ್ನು ಮೆತ್ತಗೆ ಹಿಡಿದು ಮುಚ್ಚುತ್ತಿದ್ದಳು. ಸಿಂಹ ಬಾಲ ಮುದುರಿಕೊಂಡು ನಿಂತಿತ್ತು.

"ಇದರಲ್ಲಿ ನಾನು..."

"ಬಾಲ ಇರೋದು."

ಯಜಮಾನರು ಸುಲಭಕ್ಕೆ ಸೋಲುವವರಲ್ಲ. "ಆಗಲಿ ಬಿಡು. ಹಾಗಾದ್ರೆ ಮನೇಲಿ ಮೇಷದವರು ಯಾರೂ ಇಲ್ಲ. ಕುರ್ಚಿ ಇದ್ದಲ್ಲೇ ಇರಲಿ."

"ಇದಾರೆ. ನಾನು ಹುಟ್ಟಿದ ದಿನ ಯಾವತ್ತು ಹೇಳಿ ನೋಡೋಣ."

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಯಜಮಾನರು ಸೂರು ನೋಡಿದರು. ಕಾರ್ಡು ನೋಡಿದರು. "ಜೂನ್..." ಎಂದು ಶುರುಮಾಡಿ ತಾಯಿಯ ಮುಖ ನೋಡಿ ನಿಲ್ಲಿಸಿದರು.

"ಏಪ್ರಿಲ್ ಎರಡು," ಎಂದಳು ಹೆಂಡತಿ. "ಒಂದು ವರ್ಷವಾದ್ರೂ ನೆನಪಿಟ್ಟಿದ್ರೆ ಇವತ್ತು ಅಷ್ಟು ದೂರ ಓಡಿ ಬರ್ತಿರಲಿಲ್ಲ ನೀವು."

ಅವಳು ನಗುತ್ತಲೇ ಹೇಳಿದಳು, ಆದರೆ ಕಿಟಕಿಯ ಬೆಳಕಿನಲ್ಲಿ ಅವಳ ಕೆಂಪು ಕಣ್ಣುಗಳನ್ನು ಕಂಡು ಯಜಮಾನರಿಗೆ ನಿಜಕ್ಕೂ ನಾಚಿಕೆಯಾಯಿತು. ಅವರು ಕುರ್ಚಿಯಿಂದ ಇಳಿದು, ಯಾರೂ ಹೇಳದಿದ್ದರೂ ಹೊಲಿಗೆ ಮಿಷನ್ನನ್ನು ತಾವೇ ಎಳೆದು ತಂದು ಕಿಟಕಿಯ ಬಳಿ ಇಟ್ಟರು. ಚಕ್ರವರ್ತಿನಿ ಕೆಂಪು ಕುರ್ಚಿಯನ್ನು ಅಲಂಕರಿಸಿದಳು.

"ಸ್ವಲ್ಪ ಮೇಲೆ ರೀ."

ಯಜಮಾನರು ಹಿಡಿ ತುಳಿದರು. ಉಸ್ಸ್!

"ಜಾಸ್ತಿ ಆಯ್ತು. ಹಾಂ, ಅಷ್ಟೇ!"

ದಾರ ಮೊದಲ ಸಲಕ್ಕೇ ಸೂಜಿಯೊಳಗೆ ಹೋಯಿತು. ಅವಳು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದಳು. ಯಜಮಾನರಿಗೂ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸಂಜೆ ಹೊತ್ತಾದರೂ ಕುರ್ಚಿ ತಮಗೆ ಬಿಡಬಹುದಲ್ಲ ಎಂದು ಕೇಳಲು ಬಾಯಿ ತೆರೆದರು. ಅವಳು ಹಿಂದೆ ತಿರುಗದೆಯೇ ಸಿಂಹದ ಕಾರ್ಡನ್ನು ಎತ್ತಿ ತೋರಿಸಿದಳು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು. ಒಂದು ಕೆನ್ನೆಯಲ್ಲಿ ಒಣಗಿದ ನೊರೆಯೊಡನೆ ಭವಿಷ್ಯದ ಗಿರಾಕಿ ನಿಂತಿದ್ದ. ಕುರ್ಚಿಯಲ್ಲಿ ಕೂತವಳನ್ನೂ, ಬಿಳಿ ಬಟ್ಟೆ ಹೊದ್ದು ಹಿಂದೆ ನಿಂತವರನ್ನೂ ನೋಡಿ ಅವನು ಕುರ್ಚಿಯ ಕಡೆಗೇ ಕೈಮುಗಿದ.

"ಅಮ್ಮಾ, ಈ ಕೆಲಸದವರನ್ನ ಒಂದೈದು ನಿಮಿಷ ಕಳಿಸ್ಕೊಡ್ತೀರಾ? ಕಾಲು ಗಡ್ಡ ಬಾಕಿ ಇದೆ."