ಮಾಳಿಗೆಯ ಮಣ್ಣು ಮತ್ತು ನಮ್ಮ ಮನೆಯ ಬಿಜಲಿ

ಮಳೆಗಾಲಕ್ಕೆ ಮುಂಚೆ ಸಿಂಧನೂರಿನವರು ಮಾಡುವ ಕೆಲಸಗಳಲ್ಲಿ ಅತ್ಯಂತ ಮೂರ್ಖತನದ್ದು ಯಾವುದು ಎಂದು ನಿಜಾಮರ ಕಾಲದಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, ತಡಮಾಡದೆ ಹೇಳುತ್ತಿದ್ದೆ: ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಚಾವಣಿಗೆ, ಸವಳು ಮಣ್ಣು ಹಾಕುವುದು! ಯಾರೂ ಕೇಳಲಿಲ್ಲ. ಆದರೂ ಹೇಳಿದೆ.

ಹಳ್ಳದ ದಂಡೆಯಿಂದ ಆ ಉಪ್ಪುಪ್ಪು ಮಣ್ಣನ್ನು ಬಂಡಿಗಟ್ಟಲೆ ತಂದು, ಮಾಳಿಗೆಯ ಮೇಲೆ ಹರವಿ, ತುಳಿದು, ಇನ್ನು ಸೋರುವುದಿಲ್ಲ ಎಂದು ಊರಿಗೆ ಊರೇ ನಿಶ್ಚಿಂತೆಯಾಗುತ್ತಿತ್ತು. ಯಾಕೆ ಸೋರುವುದಿಲ್ಲ ಎಂದರೆ ಉತ್ತರ ಒಂದೇ: "ನಮ್ಮಪ್ಪನೂ ಹಾಕತಿದ್ದ." ನಾನು ಶಾಲಾ ಮಾಸ್ತರ. ಹೈದರಾಬಾದಿನಲ್ಲಿ, ಅದೂ ಉರ್ದುವಿನಲ್ಲಿ, ಭೌತಶಾಸ್ತ್ರ ಅರೆದು ಕುಡಿದು ಬಂದವನು. ಇಂಥ ಉತ್ತರ ನನಗೆ ಸಾಲುವುದೆ?

ಆ ವರ್ಷ ನಮ್ಮ ಮನೆಗೆ ಬಿಜಲಿ ಬಂದಿತ್ತು. ಪಕ್ಕದ ಹತ್ತಿ ಗಿರಣಿಯ ಸಾಹುಕಾರರು ತಮ್ಮ ಎಂಜಿನ್ನಿಗೆ ಡೈನಮೋ ಕಟ್ಟಿ, ಸಂಜೆ ಹೊತ್ತು ಓಣಿಯ ಮನೆಗಳಿಗೂ ತಂತಿ ಎಳೆಸಿದ್ದರು. ನಮ್ಮ ಪಡಸಾಲೆಗೆ ಒಂದು ಬಲ್ಬು. ಆ ಬಲ್ಬಿನ ಸುದ್ದಿ ಕೇಳಿಯೇ ಮಸ್ಕಿಯ ಶಂಕ್ರಪ್ಪನವರು, ಮಗನಿಗೆ ನನ್ನ ತಂಗಿ ಗಂಗಾಳನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಗಂಗಾಳಿಗೂ ಆ ಹುಡುಗನ ಮೇಲೆ ಮನಸ್ಸಿತ್ತು. ಹೀಗಾಗಿ ಬಲ್ಬು ಕೆಡುವಂತಿರಲಿಲ್ಲ. ಮಳೆ-ಗಾಳಿಯಿಂದ ಅದನ್ನು ಕಾಪಾಡುವ ಹೊಣೆ ವಿಜ್ಞಾನದ ಮೇಲೆ, ಅಂದರೆ ನನ್ನ ಮೇಲೆ ಬಿತ್ತು.

ವಿಚಾರ ಮಾಡಿದೆ. ತಂತಿ ಒಳಬರುವುದು ಮಾಳಿಗೆಯ ಮೂಲಕ. ಮಾಳಿಗೆಯ ಮೇಲೆ ಉಪ್ಪು ಮಣ್ಣು. ಉಪ್ಪು ನೆನೆದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಅಲ್ಲಿಗೆ ಮಳೆ ಬಂದರೆ ಮಾಳಿಗೆ, ಗೋಡೆ, ಗೋಡೆಗೊರಗಿ ಕೂತ ನಮ್ಮ ಅವ್ವ, ಸಕಲವೂ ಬಿಜಲಿಮಯ! ಸಲಿಕೆ ಹಿಡಿದು ಮಾಳಿಗೆ ಹತ್ತಿದೆ.

"ಏನ್ರೀ, ಮಣ್ಣ ಯಾಕ ಕೆರ್ಯಾಕತ್ತೀರಿ?" ಅಂಗಳದಿಂದ ಹೆಂಡತಿ ನೀಲಮ್ಮ ಕೂಗಿದಳು.

"ಮನಿ ಉಳಸಾಕತ್ತೀನಿ."

"ಮಳಿ ಬಂದರ?"

"ಬರಲಿ. ಬಿಜಲಿಗೇನೂ ಆಗೂದಿಲ್ಲ."

"ನಮಗ?"

ಈ ಪ್ರಶ್ನೆ ನಮ್ಮ ಪಠ್ಯದಲ್ಲಿರಲಿಲ್ಲ.

ಮಗ್ಗುಲ ಮನೆಯ ಬಸಮ್ಮ ತನ್ನ ಮಾಳಿಗೆಗೆ ಮಣ್ಣು ಹಾಕುತ್ತಿದ್ದಳು. "ನಿಮಗ ಬ್ಯಾಡಾದ್ರ ಈ ಕಡಿ ಚೆಲ್ಲೋ ತಮ್ಮಾ," ಅಂದಳು. ಆಕೆಯ ಅಜ್ಞಾನಕ್ಕೆ ಮರುಗುತ್ತ, ಬುಟ್ಟಿ ಬುಟ್ಟಿ ಚೆಲ್ಲಿದೆ!

ಮಸ್ಕಿಯವರು ಬಂದದ್ದು ಮೃಗಶಿರಾ ಮಳೆಯಲ್ಲಿ ಎಂದು ನನ್ನ ನೆನಪು. ರೋಹಿಣಿ ಎನ್ನುತ್ತಾಳೆ ನೀಲಮ್ಮ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಆಕೆಯದನ್ನು ನಂಬಿದರೆ ಈ ಕತೆಯಲ್ಲಿ ನಾನು ಇನ್ನೂ ದಡ್ಡನಾಗುತ್ತೇನೆ. ಇಷ್ಟು ಖರೆ: ಅಪ್ಪ-ಮಗ ಪಡಸಾಲೆಯಲ್ಲಿ ಕೂತರು, ಬಲ್ಬು ಹತ್ತಿತು, ಶಂಕ್ರಪ್ಪನವರು ತಲೆಯೆತ್ತಿ ಬಾಯಿ ತೆರೆದು ನೋಡಿದರು. ತೆರೆದ ಬಾಯಿಗೇ ಮೊದಲ ಹನಿ ಬಿತ್ತು!

ಹೊರಗೆ ಗಾಳಿ, ಮಳೆ. ಒಳಗೆ ಗಾಳಿಯಿಲ್ಲದ ಮಳೆ. ನೀಲಮ್ಮ ಕೊಡ, ಪರಾತ, ಚರಿಗೆ ಎಲ್ಲ ಇಟ್ಟು, ಕೊನೆಗೆ ಇಡಲು ಏನೂ ಸಿಗದೆ ನನ್ನನ್ನೇ ನೋಡತೊಡಗಿದಳು. ಕೆಸರು ನೀರು ಸ್ವಿಚ್ಚಿನ ಹಲಗೆಯ ಕಡೆ ಇಳಿಯುತ್ತಿತ್ತು. ಮಣೆಯ ಮೇಲೆ ನಿಂತು ಹಲಗೆಗೆ ಛತ್ರಿ ಹಿಡಿದೆ.

"ಮಾಸ್ತರ್ರ, ಆ ಛತ್ರಿ ಇತ್ತಾಗ ಹಿಡೀರಿ," ಎಂದರು ಶಂಕ್ರಪ್ಪನವರು. ಅವರ ರುಮಾಲಿನಿಂದ ನೀರು ಸುರಿಯುತ್ತಿತ್ತು.

"ಇದು ಬಿಜಲಿ, ನೆನೀಬಾರದ್ರಿ!"

"ಬೀಗರು ನೆನೀಬೋದೇನು?"

ಅಷ್ಟರಲ್ಲಿ ಹಲಗೆ ಚಟಚಟ ಅಂದಿತು. ಬಲ್ಬು ಟಪ್ ಅಂದಿತು. ಗಿರಣಿಯ ಫ್ಯೂಸೂ ಹಾರಿ ಇಡೀ ಓಣಿ ಕತ್ತಲಾಯಿತು. ಒಂದೇ ಮನೆಗೆಂದು ಹಾಕಿಕೊಂಡ ಯೋಜನೆ, ಓಣಿಗೆಲ್ಲ ತಲುಪಿತು!

ಕತ್ತಲಲ್ಲಿ ಗಂಗಾ ಬಿಕ್ಕುವುದು ಕೇಳಿಸಿತು. ಭೌತಶಾಸ್ತ್ರದ ಮೇಲೆ ನನಗೆ ಮೊದಲ ಸಲ ಸಂಶಯ ಬಂದದ್ದು ಆಗ.

ಬಸಮ್ಮ ಕಂದೀಲು ಹಿಡಿದು ಬಂದಳು. "ಇಲ್ಲಿ ಯಾಕ ತೋಯಾಕತ್ತೀರಿ? ನಮ್ಮನಿಗೆ ಬರ್ರಿ." ಹೋದೆವು. ಅಲ್ಲಿ ಒಂದು ಹನಿಯೂ ಬೀಳಲಿಲ್ಲ. ಎರಡು ಮನೆಯ ಮಣ್ಣು ಒಂದೇ ಮಾಳಿಗೆಯ ಮೇಲಿತ್ತಲ್ಲ! ಗಂಗಾ ಕಣ್ಣೊರೆಸಿಕೊಂಡು, ಕಂದೀಲಿನ ಬೆಳಕಿನಲ್ಲಿ ಎಲ್ಲರಿಗೂ ಬಿಸಿ ಚಹಾ ಕೊಟ್ಟಳು. ಹುಡುಗ ನಕ್ಕ. ಆಕೆಯೂ ನಕ್ಕಳು.

ಶಂಕ್ರಪ್ಪನವರು ರುಮಾಲು ಹಿಂಡುತ್ತ, "ಹುಡುಗಿ ನಮಗ ಒಪ್ಪಿಗಿ. ಷರತ್ತು ಒಂದೈತಿ," ಅಂದರು.

ಬಂಗಾರ ಕೇಳುತ್ತಾರೆಂದು ಮನಸ್ಸಿನಲ್ಲೇ ತೊಲದ ಲೆಕ್ಕ ಹಾಕತೊಡಗಿದೆ.

"ಈ ಮಾಸ್ತರ್ರು ನಮ್ಮೂರಿಗೆ ಬಂದರ ಮಾಳಿಗಿ ಹತ್ತಬಾರದು."

ಮದುವೆ ಚೆನ್ನಾಗಿಯೇ ಆಯಿತು. ನಾನು ಮಸ್ಕಿಗೆ ಹೋದರೆ ಬೀಗರು ಇವತ್ತಿಗೂ ಬಹಳ ಮರ್ಯಾದೆ ಮಾಡುತ್ತಾರೆ. ಕಾಲಿಗೆ ನೀರು ಕೊಡುತ್ತಾರೆ, ಚಾಪೆ ಹಾಸುತ್ತಾರೆ. ಅದಕ್ಕಿಂತ ಮುಂಚೆ ಏಣಿಯನ್ನು ಒಳಗಿಟ್ಟು ಕೀಲಿ ಹಾಕುತ್ತಾರೆ.