ಬಿಲ್ ಕೊಟ್ಟರೆ ಕಾಫಿ

ಕಾಗದ ಉಳಿಸಿಕೊಳ್ಳುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನ್ನ ಹೆಂಡತಿ ನಮ್ಮ ಮದುವೆ ಛತ್ರದ ಬಿಲ್ಲನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದಾಳೆ. ಯಾಕೆಂದು ಕೇಳುವ ಧೈರ್ಯ ನನಗಿಲ್ಲ. ನನ್ನ ಕೈಗೆ ಬಂದ ಬಿಲ್ ಮಾತ್ರ ಸಂಜೆಯೊಳಗೆ ಮಾಯವಾಗುತ್ತದೆ. ನಾನು ಸ್ವೀಟ್ ಬಾಕ್ಸ್ ಮಾರುವವನು. ಒಳಗಿನ ಸಿಹಿ ಬೇರೆಯವರದು, ಹೊರಗಿನ ರಟ್ಟು ನಮ್ಮ ಕಂಪನಿಯದು. ಬನಶಂಕರಿಯಿಂದ ಮಡಿವಾಳದವರೆಗೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳನ್ನು ಇಪ್ಪತ್ತೆರಡು ವರ್ಷಗಳಿಂದ ಸುತ್ತುತ್ತಿದ್ದೇನೆ. ಮೊದಲೆಲ್ಲ ತಿಂಗಳ ಕೊನೆಗೆ ಒಂದು ಚೀಟಿಯಲ್ಲಿ 'ಪೆಟ್ರೋಲ್, ಕಾಫಿ, ಇತರೆ' ಎಂದು ಬರೆದುಕೊಟ್ಟರೆ ಮುಗಿಯುತ್ತಿತ್ತು. ಆ 'ಇತರೆ'ಯಲ್ಲಿ ಎಂಥ ನೆಮ್ಮದಿಯಿತ್ತು! ಹೊಸಕೆರೆಹಳ್ಳಿಯ ನಾಯಿಯೊಂದು ಹರಿದ ನನ್ನ ಪ್ಯಾಂಟಿನ ಹೊಲಿಗೆ ಕೂಲಿಯೂ ಒಮ್ಮೆ ಅದರೊಳಗೆ ಸದ್ದಿಲ್ಲದೆ ಸೇರಿಕೊಂಡಿತ್ತು.

ಈಗ ಲೆಕ್ಕಕ್ಕೆ ಸಾಫ್ಟ್‌ವೇರ್ ಬಂದಿದೆ. ಪ್ರತಿ ಖರ್ಚಿಗೂ ಬಿಲ್ಲಿನ ಫೋಟೋ ಲಗತ್ತಿಸಬೇಕು, ಆಮೇಲೆ ಅಸಲು ಬಿಲ್ಲನ್ನು ಅಕೌಂಟ್ಸ್ ನೋಡಿಕೊಳ್ಳುವ ನಳಿನಿ ಮೇಡಂಗೆ ಒಪ್ಪಿಸಬೇಕು. ಇಲ್ಲದಿದ್ದರೆ ಹೆಸರಿನ ಮುಂದೆ ಕೆಂಪು ಗುರುತು. ನೀವೇ ಹೇಳಿ, ನಮ್ಮ ದರ್ಶಿನಿಗಳಲ್ಲಿ ಕಾಫಿ ಕುಡಿದು ಬಿಲ್ ತರುವುದು ಹೇಗೆ? ದುಡ್ಡು ಕೊಟ್ಟರೆ ಬಿಲ್. ಆ ಬಿಲ್ಲನ್ನು ಕೌಂಟರಿನವನಿಗೆ ಕೊಟ್ಟರೆ ಕಾಫಿ. ಅವನು ಅದನ್ನು ಪಕ್ಕದ ಕಂಬಿಗೆ ಚುಚ್ಚಿಬಿಡುತ್ತಾನೆ. ಒಮ್ಮೆ ವಾಪಸ್ ಕೇಳಿದ್ದಕ್ಕೆ, "ಯಾಕಣ್ಣ, ಇನ್ನೊಂದ್ಸಲ ಕುಡಿಯೋಕಾ?" ಎಂದ. ಹಿಂದೆ ನಿಂತವರೆಲ್ಲ ನಕ್ಕರು. ನಳಿನಿ ಮೇಡಂ ಬಳಿ ಗೋಳು ಹೇಳಿಕೊಂಡೆ. "ಗೊತ್ತು ಸಾರ್, ನಾನೂ ಅಲ್ಲೇ ಕಾಫಿ ಕುಡಿಯೋದು. ಆದ್ರೆ ಸಾಫ್ಟ್‌ವೇರ್ ಕುಡಿಯಲ್ವಲ್ಲ" ಎಂದರು.

ಹೀಗಿರುವಾಗ ನಂಜುಂಡಪ್ಪನವರ ಸರದಿ ಬಂತು. ಕುಮಾರಸ್ವಾಮಿ ಲೇಔಟಿನಲ್ಲಿ ಮೂರು ಕಾಂಡಿಮೆಂಟ್ಸ್ ಅಂಗಡಿಗಳಿರುವ ಹಳೆಯ ಗಿರಾಕಿ. ಅವರ ದೀಪಾವಳಿ ಬಾಕ್ಸಿನ ಆರ್ಡರ್ ಪ್ರತಿ ವರ್ಷ ನಮಗೇ. ಈ ಸಲ ಇನ್ಯಾರೋ ಕಡಿಮೆ ದರ ಹೇಳಿದ್ದರು. ಆ ಆರ್ಡರ್ ಕೈತಪ್ಪಿದರೆ ನನ್ನನ್ನು ಗೋಡೌನಿನಲ್ಲಿ ಕೂರಿಸುವುದಾಗಿ ಯಜಮಾನರು ಹೇಳಿಬಿಟ್ಟಿದ್ದರು. ಈ ವಯಸ್ಸಿನಲ್ಲಿ ರಟ್ಟು ಎಣಿಸುತ್ತಾ ಕೂರುವುದನ್ನು ನೆನೆದೇ ನನಗೆ ಹೆದರಿಕೆಯಾಗಿತ್ತು.

ಮಾತಾಡಲು ಅವರನ್ನು ದರ್ಶಿನಿಗೆ ಕರೆದೊಯ್ದೆ. ಕ್ಯಾಶಿಯರ್ ಮುಂದೆ ನಿಂತಾಗ ಉಪಾಯ ಹೊಳೆಯಿತು. ಎರಡು ಕಾಫಿಗೆ ಎರಡು ಬೇರೆ ಬಿಲ್ ಮಾಡಿಸಿದೆ. ಒಂದನ್ನು ಕೊಟ್ಟು ಅವರಿಗೆ ಕಾಫಿ ತಂದೆ, ಇನ್ನೊಂದನ್ನು ಜೇಬಿಗಿಳಿಸಿದೆ. ಮೂರನೆಯದನ್ನು ನನ್ನ ದುಡ್ಡಿನಲ್ಲಿ ಕೊಳ್ಳಬಹುದಿತ್ತು. ಅಷ್ಟು ದೊಡ್ಡ ಮನಸ್ಸು ಬರಲಿಲ್ಲ. "ನನಗೆ ಬೇಡ ಸಾರ್, ಆಸಿಡಿಟಿ" ಎಂದೆ.

"ನೀವು ಕುಡೀದೆ ನಾನೊಬ್ನೇ ಕುಡಿಯೋದಾ? ಚೆನ್ನಾಗಿರಲ್ಲ ರೀ" ಎಂದು ಅವರು ಲೋಟ ಕೆಳಗಿಟ್ಟು ಹೋದರು. ಕ್ಯೂನಲ್ಲಿ ನಿಂತು, ಸ್ವಂತ ದುಡ್ಡಿನಲ್ಲಿ ನನಗೊಂದು ಬಾದಾಮಿ ಹಾಲು ತಂದರು. ಅದು ಕಾಫಿಗಿಂತ ದುಬಾರಿ. ಅಷ್ಟರಲ್ಲಿ ಅವರ ಕಾಫಿ ಆರಿಹೋಗಿತ್ತು. ಅದನ್ನೇ ಕುಡಿದು, "ಇಷ್ಟು ವರ್ಷದಿಂದ ಬಿಸಿಲಲ್ಲಿ ಓಡಾಡ್ತಿದ್ದೀರ, ಹೊಟ್ಟೆ ಕೆಡದೆ ಏನಾಗುತ್ತೆ? ಆರೋಗ್ಯ ನೋಡ್ಕೊಳ್ಳಿ. ಆರ್ಡರ್ ನಿಮಗೇ ಕೊಡ್ತೀನಿ, ಹೋಗಿ" ಎಂದರು. ನಾಚಿಕೆಯಿಂದಲೇ ಬಾದಾಮಿ ಹಾಲನ್ನು ಕೊನೆಯ ಹನಿಯವರೆಗೂ ಕುಡಿದೆ.

ಆಫೀಸಿಗೆ ಬಂದು 'ನಂಜುಂಡಪ್ಪನವರೊಂದಿಗೆ ಕಾಫಿ' ಎಂದು ದಾಖಲಿಸಿ ಬಿಲ್ ಲಗತ್ತಿಸಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಹೆಸರಿನ ಮುಂದೆ ಹಸಿರು ಗುರುತು ಮೂಡಿತು. ಐದು ನಿಮಿಷದಲ್ಲಿ ನಳಿನಿ ಮೇಡಂ ಎದ್ದು ಬಂದರು. ಹಿಂದೆಯೇ ಯಜಮಾನರು.

"ಸಾರ್, ಇದ್ರಲ್ಲಿ ಒಂದೇ ಕಾಫಿ ಇದೆಯಲ್ಲ?" ಎಂದರು ಮೇಡಂ.

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ದೊಡ್ಡ ಮನುಷ್ಯರನ್ನ ಎದುರಿಗೆ ನಿಲ್ಲಿಸ್ಕೊಂಡು ನೀವೊಬ್ರೇ ಕಾಫಿ ಕುಡಿದ್ರೇನ್ರೀ?"

ನಂಜುಂಡಪ್ಪನವರು ಕುಡಿದ ಕಾಫಿಯ ಬಿಲ್ ಕಂಬಿಯಲ್ಲಿತ್ತು. ನಾನು ಕುಡಿದ ಬಾದಾಮಿ ಹಾಲಿನದೂ ಅಲ್ಲೇ.

"ಹೌದು ಸಾರ್, ನಾನೊಬ್ನೇ ಕುಡಿದೆ" ಎಂದೆ. ಅದಕ್ಕೆ ಮಾತ್ರ ನನ್ನ ಹತ್ತಿರ ಬಿಲ್ ಇತ್ತು.